ಗಸ್‌ನ ತಂಡ ಕಾಯ್ದ ವಾರ

ಎಮಿಲ್ ವ್ರಾಬೆಲ್‌ನನ್ನು ಯಂಗ್ಸ್‌ಟೌನಿನಲ್ಲಿ ಯಾರೂ ಕೆಟ್ಟವನೆಂದು ಹೇಳಿದ್ದಿಲ್ಲ. ಹಾಗೆ ಹೇಳುವಷ್ಟು ಅವನ ಬಗ್ಗೆ ಯಾರೂ ಯೋಚಿಸಿದ್ದೂ ಇಲ್ಲ. ಶಾಲೆಯ ಹಳದಿ ಬಸ್ಸು ಓಡಿಸುವವನು. ಬೆಳಿಗ್ಗೆ ಮಕ್ಕಳನ್ನು ಬಿಟ್ಟು, ಮಧ್ಯಾಹ್ನ ಕರೆತಂದು, ಸಂಜೆ ಮನೆಮುಂದಿನ ಜಗಲಿಯಲ್ಲಿ ಕುಳಿತು ರೇಡಿಯೊದಲ್ಲಿ ಬೇಸ್‌ಬಾಲ್ ಕೇಳುವವನು. ಮಕ್ಕಳೆಲ್ಲ ಇಳಿದ ಮೇಲೆ ಚಾಲಕರು ಬಸ್ಸಿನ ಕೊನೆಯ ಸೀಟಿನವರೆಗೆ ನಡೆದು, ಯಾವ ಮಗುವೂ ನಿದ್ದೆಹೋಗಿ ಉಳಿದಿಲ್ಲವೆಂದು ಬಗ್ಗಿ ನೋಡಿ, ಹಿಂದಿನ ಕಿಟಕಿಗೆ ‘ಖಾಲಿ’ ಎಂಬ ಹಲಗೆ ತೂಗುಹಾಕಿ ಬರಬೇಕೆಂಬುದು ಕಟ್ಟುಪಾಡು. ಎಷ್ಟೋ ಮಂದಿ ಕನ್ನಡಿಯಲ್ಲಿ ಒಮ್ಮೆ ಕಣ್ಣಾಡಿಸಿ ಕೆಲಸ ಮುಗಿಸುತ್ತಾರೆ. ಎಮಿಲ್ ಮಾತ್ರ ಮಂಡಿನೋವಿನಲ್ಲೂ ಕುಂಟುತ್ತ ಹೋಗಿ ಪ್ರತಿಯೊಂದು ಸೀಟನ್ನೂ ನೋಡುತ್ತಾನೆ. ಅವನ ಹೆಂಡತಿ ಜೂಡಿ ನಗಾಡುತ್ತಾಳೆ: “ಮಕ್ಕಳು ಮದ್ವೆಯಾಗಿ ಹೋಗಿ ಎಷ್ಟು ವರ್ಷ ಆಯ್ತು, ಇನ್ನೂ ಒಂದೊಂದ್ ರೂಮಿಗೂ ಹೋಗಿ ಹಣಕಿ ನೋಡ್ತಾನೆ ಮಾರಾಯ್ತಿ, ಯಾರೋ ಉಳ್ಕೊಂಡಿದಾರೆ ಅನ್ನೋ ಹಾಗೆ.”

ಇಂಥವನ ಕೈಯಲ್ಲೇ ಆ ಕೆಲಸ ಆಯಿತು ಎಂಬುದಕ್ಕೇ ಈ ಕಥೆ ಹೇಳಬೇಕಾಗಿ ಬಂದಿದೆ. ಕಳ್ಳರ ಕಥೆಯಾಗಿದ್ದರೆ ನಾನು ಬಾಯಿ ನೋಯಿಸಿಕೊಳ್ಳುತ್ತಿರಲಿಲ್ಲ.

ಹೈಸ್ಕೂಲಿನಲ್ಲಿ ಒಟ್ಟಿಗೆ ಬೇಸ್‌ಬಾಲ್ ಆಡಿದ ಹತ್ತು ಮಂದಿ ಗೆಳೆಯರು, ಮೈ ಬಗ್ಗದ ವಯಸ್ಸಿಗೆ ಬಂದ ಮೇಲೆ, ಫೋನಿನಲ್ಲಿ ಆಡಲು ಶುರುಮಾಡಿದರು. ಮಾರ್ಚ್ ತಿಂಗಳಲ್ಲಿ ಸ್ಟೆಲ್ಲಾಳ ಬಾರಿನಲ್ಲಿ ಸೇರಿ, ದೊಡ್ಡ ದೊಡ್ಡ ಊರುಗಳ ತಂಡಗಳಿಂದ ತಮಗೆ ಬೇಕಾದ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುತ್ತಾರೆ. ಆ ಆಟಗಾರರು ನಿಜವಾದ ಮೈದಾನದಲ್ಲಿ ಹೊಡೆದದ್ದು, ಎಸೆದದ್ದು, ಓಡಿದ್ದು ಎಲ್ಲವೂ ಅಂಕವಾಗಿ ಇವರ ತಂಡಕ್ಕೆ ಬರುತ್ತದೆ. ಸೋಮವಾರದಿಂದ ಭಾನುವಾರದವರೆಗೆ ಒಬ್ಬನಿಗೆ ಒಬ್ಬ ಎದುರಾಳಿ. ಯಾರನ್ನು ಆಡಿಸಬೇಕು, ಯಾರನ್ನು ಬೆಂಚಿನ ಮೇಲೆ ಕೂರಿಸಬೇಕು ಎಂಬುದನ್ನು ಆ ದಿನದ ಆಟ ಶುರುವಾಗುವ ಮುಂಚೆಯೇ ಗೊತ್ತುಮಾಡಬೇಕು. ಶುರುವಾಯಿತೋ, ಬೀಗ ಬಿತ್ತು. ಬೆಂಚಿನ ಮೇಲೆ ಕೂತವನು ಆಕಾಶಕ್ಕೆ ಚೆಂಡು ಹೊಡೆದರೂ ಸೊನ್ನೆ.

ಗೆದ್ದವರಿಗೆ ಬಹುಮಾನ ಒಂದು ಬುತ್ತಿ ಡಬ್ಬಿ. ಮುಚ್ಚಿಹೋದ ಉಕ್ಕಿನ ಕಾರ್ಖಾನೆಯಲ್ಲಿ ಗಸ್ ಪೆಟ್ರುಸ್ಕಾನ ಅಪ್ಪ ಬದುಕಿಡೀ ಹೊತ್ತೊಯ್ದ, ತಗ್ಗುಬಿದ್ದ, ಒಂದು ಕಡೆಯ ಚಿಲಕ ಮುರಿದ ಡಬ್ಬಿ. ಗೆದ್ದವನು ವರ್ಷವಿಡೀ ಅದನ್ನು ತನ್ನ ಮನೆಯಲ್ಲಿಟ್ಟುಕೊಂಡು, ಮುಂದಿನ ಮಾರ್ಚಿಗೆ ಅದರ ತುಂಬ ಬೆಣ್ಣೆಯಲ್ಲಿ ಹೊರಳಿಸಿದ ಪಿರೋಗಿ ಕಡುಬು ತುಂಬಿಕೊಂಡು ಬರಬೇಕು. ಎಲ್ಲರ ಮನೆಯನ್ನೂ ಆ ಡಬ್ಬಿ ಕಂಡಿದೆ, ಎಮಿಲ್‌ನ ಮನೆಯೊಂದನ್ನು ಬಿಟ್ಟು. ಗೆಲ್ಲುವ ಮಾತಿರಲಿ, ಋತುವಿನ ಕೊನೆಗೆ ನಾಲ್ಕೇ ಜನ ಉಳಿಯುವ ಪ್ಲೇ-ಆಫ್ ಸುತ್ತಿಗೂ ಅವನು ಒಮ್ಮೆಯೂ ಹೋದವನಲ್ಲ. ಶಾಲೆಯ ತಂಡದಲ್ಲಿಯೂ ಅವನು ಹೆಚ್ಚುಪಾಲು ಬೆಂಚಿನ ಮೇಲೇ ಇದ್ದವನು.

“ಎಮಿಲ್, ನಿಮ್ಮನೆ ಫ್ರಿಜ್ ಮೇಲೆ ಜಾಗ ಖಾಲಿ ಇಟ್ಟಿದೀಯಂತೆ ಡಬ್ಬಿಗೆ? ಅಲ್ಲಿ ಹೂವಿನ ಕುಂಡ ಇಡಪ್ಪ, ನೀರಾದ್ರೂ ಹಾಕ್ಬೋದು,” ಎನ್ನುತ್ತಿದ್ದ ಓಟಿಸ್ ರೇಫರ್ಡ್. ಓಟಿಸ್ ನಿವೃತ್ತ ಅಂಚೆಯವನು. ಅವನ ನಾಲಿಗೆಯಲ್ಲಿ ಯಾರಿಗೂ ರಿಯಾಯಿತಿ ಇಲ್ಲ. ಎಮಿಲ್ ಇಂಥ ಮಾತಿಗೆಲ್ಲ ನಗುತ್ತಿದ್ದ. ಮನೆಗೆ ಬಂದು ಫ್ರಿಜ್ಜಿನ ಮೇಲೆ ನೋಡುತ್ತಲೂ ಇದ್ದ. ಜಾಗ ನಿಜವಾಗಿಯೂ ಖಾಲಿ ಇತ್ತು.

ಈ ಲೀಗಿನಲ್ಲಿ ಇನ್ನೊಂದು ಪದ್ಧತಿ ಇದೆ, ಬೇರೆಲ್ಲೂ ನಾನು ಕೇಳಿದ್ದಿಲ್ಲ. ಯಾರದಾದರೂ ಮನೆಯಲ್ಲಿ ಸಾವೋ ಕಾಯಿಲೆಯೋ ಆಗಿ ತಂಡ ನೋಡಿಕೊಳ್ಳಲು ಆಗದಿದ್ದರೆ, ಆ ವಾರ ಅವನ ಎದುರಾಳಿ ಯಾರೋ ಅವನೇ ಆ ತಂಡವನ್ನೂ ನೋಡಿಕೊಳ್ಳಬೇಕು. ಬೇರೆಯವನಲ್ಲ, ಎದುರಾಳಿಯೇ. ಓಟಿಸ್‌ನ ತಾಯಿ ತೀರಿಕೊಂಡ ವರ್ಷ ಶುರುವಾದದ್ದು ಇದು. ಆಗ ಅವನ ಎದುರಾಳಿಯಾಗಿದ್ದ ಗಸ್ ಯಾರನ್ನೂ ಕೇಳದೆ ಇಬ್ಬರ ತಂಡವನ್ನೂ ನೋಡಿಕೊಂಡು, ತನ್ನನ್ನು ತಾನೇ ಸೋಲಿಸಿಕೊಂಡ. ಅಲ್ಲಿಂದ ಮುಂದೆ ಅದೇ ರೂಢಿಯಾಯಿತು. ವಿಚಿತ್ರವೆಂದರೆ ಕಾಯುವವನು ಒಮ್ಮೆಯೂ ಗೆದ್ದದ್ದಿಲ್ಲ. ಗೆಳೆಯನ ತಂಡವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿ, ತನ್ನದನ್ನು ಮರೆತು, ಪ್ರತಿ ಸಲವೂ ಕಾಯುವವನೇ ಸೋಲುತ್ತಿದ್ದ. ಸೋತು ಬಂದವನಿಗೆ ಸ್ಟೆಲ್ಲಾಳ ಬಾರಿನಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಡಬ್ಬಿ ಗೆದ್ದವನಿಗೂ ಅಷ್ಟು ಚಪ್ಪಾಳೆ ಬೀಳುತ್ತಿರಲಿಲ್ಲ.

ಆ ಆಗಸ್ಟಿನ ಕೊನೆಯ ವಾರ ಎಮಿಲ್ ಮತ್ತು ಗಸ್ ಎದುರುಬದುರು. ಇಬ್ಬರೂ ಸರಿಸಮ. ಗೆದ್ದವನು ಪ್ಲೇ-ಆಫ್‌ಗೆ, ಸೋತವನು ಮನೆಗೆ. ಅದೇ ಸೋಮವಾರ ಕ್ಲೀವ್‌ಲ್ಯಾಂಡಿನ ಆಸ್ಪತ್ರೆಯಲ್ಲಿ ಗಸ್‌ನ ಎದೆ ತೆರೆದು ರಕ್ತನಾಳ ಸರಿಮಾಡುವುದೆಂದು ಗೊತ್ತಾಗಿತ್ತು.

ಹಿಂದಿನ ಸಂಜೆ ಎಮಿಲ್ ಅವನ ಮನೆಗೆ ಹೋದ. ಇಬ್ಬರೂ ಒಂದೇ ಬೀದಿಯಲ್ಲಿ ಬೆಳೆದವರು, ಒಂದೇ ಪಾದ್ರಿಯ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರು. ಗಸ್ ದೊಡ್ಡ ಆಳು. ಆದರೆ ಆ ದಿನ ಕುರ್ಚಿಯಲ್ಲಿ ಚಿಕ್ಕವನಂತೆ ಕೂತಿದ್ದ.

“ಲೋ ಎಮಿಲ್, ನನ್ನ ಎದೆ ಅವ್ರು ನೋಡ್ಕೋತಾರೆ. ನನ್ನ ಹುಡುಗರನ್ನ ನೀನು ನೋಡ್ಕೊ.”

“ಬೇರೆ ಯಾರಾದ್ರೂ ಆಗಿದ್ರೆ ಚೆನ್ನಾಗಿತ್ತು ಕಣೋ. ಈ ವಾರ ನಾನು ಗೆಲ್ಲಲೇಬೇಕು, ನಿಂಗೇ ಗೊತ್ತು.”

“ಗೆಲ್ಲು, ಯಾರು ಬೇಡ ಅಂದ್ರು? ನನ್ನ ಹುಡುಗರನ್ನ ಸೋಲ್ಸಿ ಗೆಲ್ಲು. ಪಾಸ್‌ವರ್ಡ್ ನಮ್ಮ ನಾಯಿ ಹೆಸರು.”

“ಯಾವ ನಾಯಿ? ಇರೋದೋ ಸತ್ತಿದ್ದೋ?”

“ಸತ್ತಿದ್ದು. ಇರೋದ್ರ ಹೆಸರು ಬೀದಿಗೆಲ್ಲ ಗೊತ್ತಲ್ಲ, ದಿನಾ ಕೂಗ್ತೀನಿ.”

ಇಬ್ಬರೂ ನಕ್ಕರು. ಹೊರಡುವಾಗ ಗಸ್ ಅವನ ಕೈಯನ್ನು ಬೇಗ ಬಿಡಲಿಲ್ಲ. “ನಿನ್ನ ಪಾಲಿಗೆ ಬಂತಲ್ಲ ಈ ವಾರ, ಅದೇ ನಂಗೆ ಸಮಾಧಾನ,” ಎಂದ. ಆ ಮಾತನ್ನು ಎಮಿಲ್ ಆಮೇಲೆ ಎಷ್ಟು ಸಲ ನೆನೆದನೋ ಲೆಕ್ಕವಿಲ್ಲ.

ವಾರದ ಮೊದಲರ್ಧ ಅವನು ಅಪ್ಪಟ ಚಿನ್ನದಂತೆ ನಡೆದುಕೊಂಡ. ಸೋಮವಾರ ಗಸ್‌ನ ಶಸ್ತ್ರಚಿಕಿತ್ಸೆ ಸುಸೂತ್ರವಾಯಿತು ಎಂದು ಗಸ್‌ನ ಹೆಂಡತಿ ಮಾರ್ಲೀನ್ ಫೋನು ಮಾಡಿದಾಗ ಅಡುಗೆಮನೆಯಲ್ಲಿ ನಿಂತು ಅತ್ತ. ಮಂಗಳವಾರ ಗಸ್‌ನ ಬೆಂಚಿನ ಮೇಲಿದ್ದ, ಚೆಂಡೆಸೆಯುವ ಪಿಚರ್ ಒಬ್ಬನನ್ನು ಧೈರ್ಯಮಾಡಿ ಆಡಿಸಿದ. ಆ ಪಿಚರ್ ಎದುರು ತಂಡಕ್ಕೆ ಒಂದೂ ರನ್ ಕೊಡದೆ ಆಟ ಮುಗಿಸಿ, ಗಸ್‌ನನ್ನು ಬಹಳ ಮುಂದಕ್ಕೆ ಒಯ್ದ. ಗೆಳೆಯರ ಗುಂಪಿನಲ್ಲಿ ಮೆಸೇಜುಗಳ ಸುರಿಮಳೆ.

“ನೋಡ್ರಪ್ಪ, ತನ್ನ ಗುಂಡಿ ತಾನೇ ತೋಡ್ಕೊಳೋದು ಅಂದ್ರೆ ಇದು,” ಎಂದ ಓಟಿಸ್. “ಎಮಿಲ್, ಗುದ್ದಲಿ ಸಾಕಾ, ಇನ್ನೊಂದು ಕಳಿಸ್ಲಾ?”

ಲೀಗಿನ ಯಜಮಾನಿಕೆ ರೋಂಡಾಳದು. ಎಮಿಲ್‌ನ ಚಿಕ್ಕಪ್ಪನ ಮಗಳು, ಕೂದಲು ಕತ್ತರಿಸುವ ಅಂಗಡಿಯವಳು. ಶಾಲೆಯ ದಿನಗಳಲ್ಲಿ ಇವರ ಆಟಕ್ಕೆ ಅಂಕ ಬರೆಯುತ್ತಿದ್ದವಳು. ಅವಳು, “ಇವನಿಗೆ ಚಪ್ಪಾಳೆ ಈಗಲೇ ರೆಡಿ ಮಾಡಿ ಇಟ್ಕೊಳ್ಳಿ,” ಎಂದು ಬರೆದಳು.

ಚಪ್ಪಾಳೆ ಎಂದರೆ ಸೋಲು. ಎಮಿಲ್ ಅದನ್ನು ಓದಿ ಮೊದಲು ನಕ್ಕ. ಆಮೇಲೆ ಜಗಲಿಯಲ್ಲಿ ಕುಳಿತು ಎರಡನೆಯ ಸಲ ಓದಿದಾಗ ನಗು ಬರಲಿಲ್ಲ. ನಾನು ಸೋಲುತ್ತೇನೆಂದು ಎಲ್ಲರಿಗೂ ಎಷ್ಟು ಖಾತ್ರಿ, ಎಂದುಕೊಂಡ. ಒಳ್ಳೆಯವನು ಎಂದು ಹೊಗಳುತ್ತಲೇ ಮತ್ತೆ ಬೆಂಚಿನ ಮೇಲೆ ಕೂರಿಸುತ್ತಿದ್ದಾರೆ ಎನ್ನಿಸಿತು.

ಗುರುವಾರದಿಂದ ಗಾಳಿ ತಿರುಗಿತು. ಎಮಿಲ್‌ನ ಹುಡುಗರು ಹೊಡೆಯತೊಡಗಿದರು. ಶನಿವಾರದ ಆಟಗಳು ಮುಗಿಯುವ ಹೊತ್ತಿಗೆ ಅವನೇ ಸ್ವಲ್ಪ ಮುಂದೆ. ಇಷ್ಟು ವರ್ಷದಲ್ಲಿ ಕಂಡಿರದ ದೃಶ್ಯ ಅದು: ಕೊನೆಯ ವಾರ, ಕೊನೆಯ ದಿನ, ಪ್ಲೇ-ಆಫ್ ಬಾಗಿಲಲ್ಲಿ ಅವನ ಹೆಸರು. ಅಂದು ಅವನಿಗೆ ಊಟ ಸೇರಲಿಲ್ಲ. ಜೂಡಿ ಮಾಡಿದ ಎಲೆಕೋಸಿನ ಸುರುಳಿಗಳನ್ನು ತಟ್ಟೆಯ ಈ ಬದಿಯಿಂದ ಆ ಬದಿಗೆ ತಳ್ಳುತ್ತ ಕುಳಿತಿದ್ದ.

ಭಾನುವಾರ ಬೆಳಿಗ್ಗೆ ಪೂಜೆಗೆ ಮುಂಚೆ ಚರ್ಚಿನ ಅಂಗಳದಲ್ಲಿ ಗಾಡಿ ನಿಲ್ಲಿಸಿ ಫೋನು ತೆಗೆದ. ಗಸ್‌ನ ತಂಡದಲ್ಲಿ ಒಸೊರಿಯೊ ಎಂಬವನಿದ್ದ, ಪಿಟ್ಸ್‌ಬರ್ಗಿನ ಹಳೆಯ ಹುಲಿ. ಮಣಿಕಟ್ಟು ನೋವೆಂದು ಇವತ್ತು ಆಡುವುದಿಲ್ಲ ಎಂಬ ಸುದ್ದಿ ಆಗತಾನೇ ಬಂದಿತ್ತು. ಬೆಂಚಿನ ಮೇಲೆ ಟ್ವೀಡಿ ಎಂಬ ಹೊಸ ಹುಡುಗ ಇದ್ದ, ಅವನಿಗೆ ಇವತ್ತು ಆಟ ಇತ್ತು. ಒಸೊರಿಯೊನನ್ನು ಕೂರಿಸಿ ಟ್ವೀಡಿಯನ್ನು ಎಬ್ಬಿಸಬೇಕು. ಎರಡು ಸಲ ಬೆರಳು ಒತ್ತುವ ಕೆಲಸ, ಅಷ್ಟೇ. ಆಟ ಮಧ್ಯಾಹ್ನಕ್ಕೆ, ಬೇಕಾದಷ್ಟು ಸಮಯವಿತ್ತು.

ಎಮಿಲ್ ಬೆರಳು ಎತ್ತಿದ. ಅಷ್ಟರಲ್ಲಿ ಜೂಡಿ ಆ ಕಡೆಯ ಬಾಗಿಲು ತೆರೆದು, “ಗಂಟೆ ಹೊಡೀತು, ಬಾ,” ಎಂದಳು. ಪೂಜೆಯಾದ ಮೇಲೆ ಮಾಡಿದರಾಯಿತು ಎಂದು ಫೋನು ಜೇಬಿಗಿಟ್ಟ. ಅಲ್ಲಿಯವರೆಗೆ ಅವನ ಮನಸ್ಸಿನಲ್ಲಿ ಕಪಟ ಇರಲಿಲ್ಲ ಎಂದು ನಾನು ಬೇಕಾದರೆ ಆಣೆ ಮಾಡುತ್ತೇನೆ. ಕಪಟ ಬಂದದ್ದು ಪೂಜೆಯ ನಡುವೆ, ಮಂಡಿಯೂರಿದ್ದಾಗ. ಗಸ್‌ನ ಆರೋಗ್ಯಕ್ಕಾಗಿ ಪ್ರಾರ್ಥಿಸೋಣ ಎಂದು ಪಾದ್ರಿ ಹೇಳಿದರು. ಎಮಿಲ್ ತಲೆಬಾಗಿ ಪ್ರಾರ್ಥಿಸಿದ. ಅದೇ ಉಸಿರಿನಲ್ಲಿ, ನಾನು ಆ ಸುದ್ದಿ ನೋಡದೇ ಇದ್ದಿದ್ದರೆ, ಎಂಬ ಮಾತೂ ಹೊಳೆಯಿತು. ನೋಡದೇ ಇರುವುದು ತಪ್ಪೇನಲ್ಲವಲ್ಲ. ಯಾರಾದರೂ ಮರೆಯಬಹುದು. ಏನೂ ಮಾಡದೆ ಸುಮ್ಮನಿದ್ದರೆ ಸಾಕು, ಕೈಗೆ ಕೊಳೆಯೇ ಅಂಟುವುದಿಲ್ಲ.

ಮನೆಗೆ ಬಂದವನು ಅಂಗಿ ಬದಲಿಸಿ ಹಿತ್ತಲಿನ ಕೊಟ್ಟಿಗೆಯಿಂದ ಹುಲ್ಲು ಕತ್ತರಿಸುವ ಯಂತ್ರವನ್ನು ಎಳೆದ.

“ಗುರುವಾರ ತಾನೇ ಕತ್ತರಿಸಿದ್ದೆ?” ಎಂದಳು ಜೂಡಿ. “ಅದೂ ಭಾನುವಾರ?”

“ಎತ್ತರ ಬೆಳೆದಿದೆ,” ಎಂದ.

ನಮ್ಮ ಕಡೆಯ ಹಳೆಯ ಸ್ಲೋವಾಕ್ ಮನೆಗಳಲ್ಲಿ ಭಾನುವಾರ ಹುಲ್ಲಿಗೆ ಯಂತ್ರ ಹಚ್ಚುವುದಿಲ್ಲ. ಈಗಿನವರು ಹಚ್ಚುತ್ತಾರೆ, ಯಾರೂ ಕೇಳುವುದಿಲ್ಲ. ಎಮಿಲ್ ಮಾತ್ರ ಹಚ್ಚಿದವನಲ್ಲ, ತಾಯಿ ಸತ್ತ ಮೇಲೂ. ಆ ದಿನ ಹಚ್ಚಿದ. ಯಂತ್ರದ ಗದ್ದಲದಲ್ಲಿ ಫೋನು ಕೇಳುವುದಿಲ್ಲ, ಯೋಚನೆಯೂ ಕೇಳುವುದಿಲ್ಲ. ಬೆಳೆಯದ ಹುಲ್ಲಿನ ಮೇಲೆ ಹೋದಲ್ಲೇ ಮತ್ತೆ ಹೋದ. ಪಕ್ಕದ ಮನೆಯ ಮುದುಕಿ ಕಿಟಕಿ ಮುಚ್ಚಿಕೊಂಡಳು. ಜೇಬಿನಲ್ಲಿದ್ದ ಫೋನು ತೊಡೆಗೆ ಒತ್ತುತ್ತಲೇ ಇತ್ತು. ಅದು ಅಲ್ಲಿರುವುದನ್ನು ಅವನು ಒಂದು ಕ್ಷಣವೂ ಮರೆಯಲಿಲ್ಲ. ಕೊನೆಗೆ ಯಂತ್ರ ನಿಲ್ಲಿಸಿ ನೋಡಿದಾಗ ಆಟ ಶುರುವಾಗಿ, ಬೀಗ ಬಿದ್ದಿತ್ತು. “ಅಯ್ಯೋ,” ಎಂದ ಗಟ್ಟಿಯಾಗಿ. ಸುತ್ತ ಯಾರೂ ಇರಲಿಲ್ಲ. ಯಾರಿಗೆ ಕೇಳಿಸಲೆಂದು ಕೂಗಿದೆ ಎಂದು ಆಗಲೇ ನಾಚಿಕೆಯಾಯಿತು.

ಟ್ವೀಡಿ ಆ ದಿನ ಚೆಂಡನ್ನು ಮೈದಾನದಾಚೆ ಅಟ್ಟಿ ಎರಡು ಹೋಮ್ ರನ್ ಹೊಡೆದ. ಬೆಂಚಿನ ಮೇಲಿದ್ದವನ ಹೊಡೆತ, ಸೊನ್ನೆ. ಎಮಿಲ್ ಕೂದಲೆಳೆಯಲ್ಲಿ ಗೆದ್ದ. ಆ ಎರಡರಲ್ಲಿ ಒಂದು ಹೊಡೆತ ಲೆಕ್ಕಕ್ಕೆ ಬಂದಿದ್ದರೂ ಗಸ್ ಗೆಲ್ಲುತ್ತಿದ್ದ. ಬೇಲಿಯೇ ಎದ್ದು ಹೊಲ ಮೇಯಿತು ಎನ್ನುತ್ತೇವಲ್ಲ, ಹಾಗೆ. ಈ ಬೇಲಿ ಮೇಯ್ದದ್ದೂ ಅಲ್ಲ, ದನ ನುಗ್ಗುವುದನ್ನು ಕಂಡು ಕಣ್ಣುಮುಚ್ಚಿಕೊಂಡಿತು. ಯಾವುದು ಹೆಚ್ಚು ನೀಚವೋ ನನಗೆ ತಿಳಿಯದು.

ಸೋಮವಾರ ಸಂಜೆ ಸ್ಟೆಲ್ಲಾಳ ಬಾರಿನಲ್ಲಿ ಗುಂಪು ಸೇರಿತ್ತು. ಎಮಿಲ್ ಒಳಗೆ ಕಾಲಿಡುತ್ತಲೇ ಓಟಿಸ್ ಕುರ್ಚಿಯ ಮೇಲೆ ಹತ್ತಿ ನಿಂತ.

“ಏಳ್ರೋ ಏಳ್ರೋ! ಕಾವಲುಗಾರ ಗೆದ್ದು ಬಂದಿದಾನೆ. ಇತಿಹಾಸ ಇದು! ಎಮಿಲ್, ಹೂಕುಂಡ ತೆಗೆಸಪ್ಪ ಫ್ರಿಜ್ ಮೇಲಿಂದ.”

ಎಲ್ಲರೂ ನಕ್ಕರು. ರೋಂಡಾ ಫೋನು ನೋಡುತ್ತ, ಸಹಜವಾಗಿ, “ಟ್ವೀಡಿ ಬೆಂಚ್ ಮೇಲೇ ಉಳ್ಕೊಂಡ್ನಲ್ಲೋ ಎಮಿಲ್, ಒಸೊರಿಯೊ ಆಡ್ಲಿಲ್ಲ,” ಎಂದಳು.

ಕುಂಬಳಕಾಯಿ ಕಳ್ಳ ಎಂದೊಡನೆ ಹೆಗಲು ಮುಟ್ಟಿಕೊಂಡವನ ಪಾಡು ಅವನದು. “ಫೋನ್ ಗಾಡೀಲಿ ಬಿಟ್ಬಿಟ್ಟಿದ್ದೆ ಕಣೆ. ಚರ್ಚಿಂದ ಬಂದು ನೋಡೋ ಅಷ್ಟೊತ್ತಿಗೆ...” ಎಂದು ಅರ್ಧಕ್ಕೇ ನಿಲ್ಲಿಸಿದ.

ಯಾರಾದರೂ ಹುಬ್ಬೇರಿಸಿದ್ದರೆ ಅವನು ಬದುಕುತ್ತಿದ್ದ. ಯಾರೂ ಏರಿಸಲಿಲ್ಲ. ಎಲ್ಲರೂ ನಂಬಿದರು. ಅವನು ಎಮಿಲ್ ತಾನೇ, ಸೀಟು ಸೀಟಿಗೂ ಬಗ್ಗಿ ನೋಡುವ ಎಮಿಲ್.

“ಪಾಪ, ಅವನ ಮುಖ ನೋಡ್ರೋ,” ಎಂದ ಓಟಿಸ್, ಕುರ್ಚಿಯಿಂದಿಳಿದು ಹೆಗಲ ಮೇಲೆ ಕೈಹಾಕಿ. “ಗೆದ್ದಿದ್ದಕ್ಕೆ ಅಳೋ ಹಾಗಿದಾನೆ. ಬಿಡು ಮಾರಾಯ, ಗಸ್ ಏನೂ ಅಂದ್ಕೊಳಲ್ಲ. ಸ್ಟೆಲ್ಲಾ, ಇವನಿಗೊಂದು ಬಿಯರ್.”

ಭೂಮಿ ಬಾಯಿಬಿಟ್ಟಿದ್ದರೆ ಗ್ಲಾಸಿನ ಸಮೇತ ಇಳಿದುಹೋಗುತ್ತಿದ್ದ.

ಗಸ್ ಮನೆಗೆ ಬಂದ ಸುದ್ದಿ ತಿಳಿದು ಗುರುವಾರ ಎಮಿಲ್ ನೋಡಲು ಹೋದ. ಜೂಡಿ ಅಕ್ರೋಟಿನ ಸುರುಳಿ ರೊಟ್ಟಿ ಬೇಯಿಸಿ ಕಟ್ಟಿಕೊಟ್ಟಿದ್ದಳು. ಗಸ್ ಒರಗು ಕುರ್ಚಿಯಲ್ಲಿ ಕೆಂಪು ದಿಂಬೊಂದನ್ನು ಎದೆಗವಚಿ ಕೂತಿದ್ದ. ಕೆಮ್ಮಿದರೂ ನಕ್ಕರೂ ಹೊಲಿಗೆ ಎಳೆಯುತ್ತದೆಂದು ಆಸ್ಪತ್ರೆಯವರು ಕೊಟ್ಟ ದಿಂಬು.

“ಬಂದ್ಯಾ ಪ್ಲೇ-ಆಫ್ ಧಣಿ,” ಎಂದ. “ನಗಿಸ್ಬೇಡ ಅಷ್ಟೇ, ದುಡ್ಡು ಕೊಟ್ಟು ಹೊಲಿಸ್ಕೊಂಡಿದೀನಿ.”

ಮಾರ್ಲೀನ್ ರೊಟ್ಟಿ ಕತ್ತರಿಸಿ ತಂದಳು. ಅವಳು ಹೊಟ್ಟೆಯಲ್ಲೊಂದು ಬಾಯಲ್ಲೊಂದು ಇಲ್ಲದ ಹೆಂಗಸು. ಕೂತವಳೇ ಶುರುಮಾಡಿದಳು:

“ಭಾನುವಾರ ಇವನ ಒದ್ದಾಟ ನೀನು ನೋಡ್ಬೇಕಿತ್ತು ಎಮಿಲ್! ಆಸ್ಪತ್ರೇಲಿ ಫೋನು ಕೈಗೆ ಬಂದಿತ್ತು ಅವತ್ತು. ಒಸೊರಿಯೊ ಆಡಲ್ವಂತೆ, ಒಸೊರಿಯೊ ಆಡಲ್ವಂತೆ ಅಂತ ಒಂದೇ ಜಪ. ನಾನಂದೆ, ನಿನ್ನ ಕೈಯಲ್ಲೇ ಇದೆಯಲ್ಲ, ನೀನೇ ಬದಲಾಯಿಸ್ಕೊ. ಊಹೂಂ! ‘ಇದು ಎಮಿಲ್ ವಾರ. ನಾನು ಕೈಹಾಕಿದ್ರೆ ಅವನ್ನ ನಂಬ್ಲಿಲ್ಲ ಅಂತಾಗುತ್ತೆ, ಅವ್ನು ಮಾಡ್ತಾನೆ’ ಅಂದ. ಕೊನೆಗೆ ನಾನೇ ಜೂಡಿಗೆ ಫೋನ್ ಮಾಡ್ದೆ, ಬೇರೆ ಏನೋ ನೆಪ ಮಾಡ್ಕೊಂಡು. ಎಮಿಲ್ ಹುಲ್ಲು ಕತ್ತರಿಸ್ತಿದಾನೆ ಅಂದ್ಲು. ಇವನಿಗೆ ಹೇಳ್ದೆ. ಫೋನ್ ಮಗುಚಿ ಇಟ್ಟು ಗೋಡೆ ಕಡೆ ಮುಖ ತಿರುಗಿಸ್ಬಿಟ್ಟ.”

ಎಮಿಲ್‌ನ ಬಾಯಲ್ಲಿದ್ದ ರೊಟ್ಟಿ ಮಣ್ಣಾಯಿತು. ಗಸ್ ದಿಂಬಿನ ಅಂಚು ಚಿವುಟುತ್ತಿದ್ದ.

“ಆ ಮಿಷನ್ ಸದ್ದಲ್ಲಿ ಫೋನು ಎಲ್ಲಿ ಕೇಳುತ್ತೆ,” ಎಂದ ಗಸ್, ಮುಖ ನೋಡದೆ. “ಬಿಡು ಮಾರ್ಲೀನ್. ಕಾಫಿ ತಾ.”

ಮಾರ್ಲೀನ್ ಒಳಗೆ ಹೋದಳು. ಅಲ್ಲಿಗೇ ಮುಗಿಸಬಹುದಿತ್ತು. ಗಸ್ ಮಾತಿನಲ್ಲೇ ಬಾಗಿಲು ತೆರೆದು ಹಿಡಿದಿದ್ದ, ಎಮಿಲ್ ತಲೆತಗ್ಗಿಸಿ ದಾಟಿದ್ದರೆ ಸಾಕಿತ್ತು. ಆದರೆ ಇವನಿಗೆ ಎಲ್ಲವೂ ಗೊತ್ತಿದೆ, ಗೊತ್ತಿದ್ದೇ ನನಗೊಂದು ಸುಳ್ಳನ್ನು ಹೊಲಿದುಕೊಡುತ್ತಿದ್ದಾನೆ ಎಂದು ತಿಳಿದಾಗ ಎಮಿಲ್‌ಗೆ ತಡೆಯಲಾಗಲಿಲ್ಲ.

“ನಾನು ನೋಡಿದ್ದೆ ಗಸ್. ಪೂಜೆಗೆ ಮುಂಚೇನೇ ನೋಡಿದ್ದೆ. ಫೋನು ಜೇಬಲ್ಲೇ ಇತ್ತು.”

ಒಳಗೆ ಕಪ್ಪುಗಳ ಸದ್ದು ನಿಂತಿತು.

“ಯಾಕೋ ಹೇಳ್ದೆ?” ಎಂದ ಗಸ್. “ನಿನ್ನ ಪರವಾಗಿ ನಾನೇ ಆ ಹುಲ್ಲಿನ ನೆಪ ಹೇಳಿ ಮುಗಿಸಿದ್ನಲ್ಲೋ. ಭಾನುವಾರ ನಿಮ್ಮಮ್ಮ ನಿನ್ನ ಕೈಗೆ ಕತ್ತರೀನೂ ಕೊಡ್ತಿರ್ಲಿಲ್ಲ. ಹುಲ್ಲು ಕತ್ತರಿಸ್ತಿದಾನೆ ಅಂದ ತಕ್ಷಣ ಗೊತ್ತಾಯ್ತು ನಂಗೆ. ಆದ್ರೂ ಇರ್ಲಿ ಅಂದ್ಕೊಂಡಿದ್ದೆ.”

“ಗೆಲ್ಲಬೇಕು ಅನ್ನಿಸ್ತು ಕಣೋ. ಒಂದು ಸಲ.”

“ಕೇಳಿದ್ರೆ ಕೊಡ್ತಿದ್ದೆ!” ಗಸ್‌ನ ದನಿ ಏರಿತು. ಏರಿದ್ದಕ್ಕೆ ಎದೆ ನೋಯಿತು, ದಿಂಬನ್ನು ಒತ್ತಿ ಹಿಡಿದ. “ಆ ಸೋಮವಾರ ನನ್ನನ್ನ ಚಕ್ರದ ಮಂಚದ ಮೇಲೆ ತಳ್ಕೊಂಡು ಹೋಗ್ತಿದ್ರಲ್ಲ, ಹೆದರಿಕೆ ಆಗಿತ್ತು ನಂಗೆ, ಸತ್ತೇಹೋಗ್ತೀನಿ ಅಂತ. ಆಗ ತಲೇಲಿ ಏನೇನೋ. ಒಂದು ಮಾತ್ರ ಚಿಂತೆ ಇರ್ಲಿಲ್ಲ, ಎಮಿಲ್ ಇದಾನೆ ಅಂತ. ಬರೀ ಆಟಾನೇ ಇರ್ಬೋದು. ಆದ್ರೆ ಅದೊಂದು ಚಿಂತೆ ಇರ್ಲಿಲ್ಲ.”

ಎಮಿಲ್ ಎದ್ದುನಿಂತ. ಎಲ್ಲಿಗೆ ಹೋಗಬೇಕೆಂದು ತೋಚದೆ ಮತ್ತೆ ಕುಳಿತ. ಮಾರ್ಲೀನ್ ಕಾಫಿ ತಂದಿಟ್ಟು, ಒಂದೂ ಮಾತಾಡದೆ ಹೋದಳು. ಅವಳು ಮಾತಾಡದೆ ಇದ್ದದ್ದನ್ನು ಅವನು ಕಂಡದ್ದು ಅದೇ ಮೊದಲು.

ಆ ವಾರ ಪ್ಲೇ-ಆಫ್‌ನ ಮೊದಲ ಸುತ್ತಿನಲ್ಲಿ ಎಮಿಲ್ ಹೀನಾಯವಾಗಿ ಸೋತ. ಸೋಮವಾರ ಬಾರಿನಲ್ಲಿ, ಓಟಿಸ್ ಹೂಕುಂಡದ ಮಾತು ಎತ್ತುವ ಮುಂಚೆಯೇ, ನಿಂತುಕೊಂಡು ಎಲ್ಲವನ್ನೂ ಹೇಳಿದ. ಚರ್ಚಿನ ಅಂಗಳ, ಜೇಬು, ಯಂತ್ರ, ಗಾಡಿಯಲ್ಲಿ ಬಿಟ್ಟಿದ್ದೆ ಎಂಬ ಸುಳ್ಳು. ರೋಂಡಾ ಬಾಯಿಗೆ ಕೈ ಇಟ್ಟುಕೊಂಡಳು. ಓಟಿಸ್ ಗ್ಲಾಸನ್ನು ಮೇಜಿನ ಮೇಲೆ ತಿರುಗಿಸುತ್ತ ಒಂದೇ ಪ್ರಶ್ನೆ ಕೇಳಿದ.

“ಈ ವಾರ ಗೆದ್ದಿದ್ರೆ ಹೇಳ್ತಿದ್ಯಾ?”

ಎಮಿಲ್ ಬಾಯಿ ತೆರೆದ. ಹೇಳುತ್ತಿದ್ದೆ ಎನ್ನಬೇಕೆಂದು ಬಂದದ್ದು ನಾಲಿಗೆಯ ತುದಿಯಲ್ಲೇ ಒಣಗಿತು.

“ಗೊತ್ತಿಲ್ಲ,” ಎಂದ.

ಓಟಿಸ್ ತಲೆಯಾಡಿಸಿದ, ಅಷ್ಟೇ. ಯಾರೂ ಬೈಯಲಿಲ್ಲ. ಬೈದಿದ್ದರೆ ಮುಖಕ್ಕೆ ಮಂಗಳಾರತಿ ಆಯಿತು ಎಂದು ತೊಳೆದುಕೊಂಡು ಬರುತ್ತಿದ್ದ. ಆವತ್ತಿನಿಂದ ಅವನನ್ನು ಗೇಲಿ ಮಾಡುವುದನ್ನೇ ಎಲ್ಲರೂ ನಿಲ್ಲಿಸಿದರು. ಗುಂಪಿನಲ್ಲಿ ಅವನು ಏನಾದರೂ ಬರೆದರೆ, “ಸರಿ ಎಮಿಲ್,” “ಥ್ಯಾಂಕ್ಸ್ ಎಮಿಲ್” ಎಂದು ಉತ್ತರ. ಪರಸ್ಪರ ಹಲ್ಲುಕಿತ್ತು ಕೈಗೆ ಕೊಡುವಂತೆ ಮಾತಾಡುವ ಆ ಜನ ಇವನೊಬ್ಬನ ಜೊತೆ ಬ್ಯಾಂಕಿನವರ ಹಾಗೆ ಮರ್ಯಾದೆಯಿಂದ ಇದ್ದರು. ಬಸ್ಸಿನ ಕೊನೆಯ ಸೀಟಿನವರೆಗೆ ನಡೆದು ಹಲಗೆ ತೂಗುಹಾಕುವಾಗ, ಇಷ್ಟು ನಿಯತ್ತು ಯಾರಿಗೆ ತೋರಿಸುತ್ತಿದ್ದೇನೆ ಎಂದು ಅವನಿಗೆ ಅನ್ನಿಸುತ್ತಿತ್ತು. ಆದರೂ ನಡೆಯುವುದನ್ನು ಬಿಡಲಿಲ್ಲ. ಫ್ರಿಜ್ಜಿನ ಮೇಲೆ ನಿಜವಾಗಿಯೇ ಒಂದು ಹೂಕುಂಡ ಇಟ್ಟ. ಜೂಡಿ ಏನೂ ಕೇಳದೆ ಅದಕ್ಕೆ ನೀರು ಹಾಕುತ್ತಿದ್ದಳು.

ಮಾರ್ಚ್ ಬಂತು. ಹೋಗುವುದೇ ಬೇಡ ಎಂದಿದ್ದವನನ್ನು ಜೂಡಿ ಕೋಟು ತೊಡಿಸಿ ದಬ್ಬಿದಳು. ಸ್ಟೆಲ್ಲಾಳ ಬಾರಿನ ಹಿಂದಿನ ಕೋಣೆಯಲ್ಲಿ ಎಲ್ಲರೂ ಸೇರಿದ್ದರು. ಗಸ್ ತೂಕ ಇಳಿದು, ಬಣ್ಣ ಬಂದು, ಗಟ್ಟಿಯಾಗಿ ಮಾತಾಡುತ್ತಿದ್ದ. ಎಮಿಲ್‌ಗೆ ತಲೆಯಾಡಿಸಿದ, ಅಷ್ಟೇ. ಎಮಿಲ್ ಬಾಗಿಲ ಬಳಿಯ ಕುರ್ಚಿ ಹಿಡಿದ.

ಆಟಗಾರರ ಆಯ್ಕೆ ಶುರುವಾಗುವ ಮುಂಚೆ ರೋಂಡಾ ಗಂಟಲು ಸರಿಮಾಡಿಕೊಂಡಳು.

“ಒಂದು ವಿಷಯ. ಆಪ್‌ನಲ್ಲಿ ಹೊಸದೊಂದು ಬಂದಿದೆ. ಯಾರಾದ್ರೂ ಆಡದೇ ಇದ್ರೆ ಅದೇ ತಾನಾಗಿ ಬೆಂಚಿಂದ ಒಬ್ಬನ್ನ ಎಬ್ಬಿಸಿ ಹಾಕುತ್ತೆ. ಯಾರ ಮನೇಲಿ ಏನಾದ್ರೂ ಆದ್ರೆ... ಇನ್ನೊಬ್ರು ನೋಡ್ಕೊಳೋ ಅಗತ್ಯ ಇರಲ್ಲ. ಆನ್ ಮಾಡೋಣ ಅನ್ನೋರು ಕೈ ಎತ್ತಿ.”

ಅವಳು ಯಾರ ಮುಖವನ್ನೂ ನೋಡಲಿಲ್ಲ. ಉಳಿದವರು ತಟ್ಟೆ ನೋಡಿಕೊಂಡರು. ಇಷ್ಟು ವರ್ಷ ನಡೆದುಬಂದ ಪದ್ಧತಿ, ಎದ್ದುನಿಂತು ತಟ್ಟಿದ ಚಪ್ಪಾಳೆಗಳು, ಎಲ್ಲವೂ ತನ್ನಿಂದಾಗಿ ಇಂದಿಗೆ ಮುಗಿಯಿತು ಎಂದು ಎಮಿಲ್‌ಗೆ ತಿಳಿಯಿತು. ತಾನು ಕೆಡಿಸಿದ್ದನ್ನು ಹೂಳುವ ಕೆಲಸವಾದರೂ ಬೇರೆಯವರ ಮೇಲೆ ಹೊರಿಸಬಾರದು ಎಂದು, ಎಲ್ಲರಿಗಿಂತ ಮೊದಲು ಅವನೇ ಕೈ ಎತ್ತಿದ. ಕಣ್ಣು ನೆಲದ ಮೇಲಿತ್ತು.

ಒಂದೊಂದಾಗಿ ಬೇರೆ ಕೈಗಳು ಏಳತೊಡಗಿದವು.

“ಕೈ ಇಳಿಸೋ, ಭಾನುವಾರ ಹುಲ್ಲು ಕತ್ತರಿಸೋನೇ!”

ಗಸ್‌ನ ದನಿ. ಕೋಣೆಯಲ್ಲಿ ಯಾರೋ ಒಬ್ಬರು ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು.

“ಮುಂದಿನ ಸಲ ನನ್ನ ಎದೆ ಕುಯ್ದಾಗ ಆಪ್ ಬಂದು ಕೈ ಹಿಡ್ಕೊಂಡು ಕೂರುತ್ತಾ?” ಎಂದ ಗಸ್. “ನಂಗೆ ಬೇಡ ಅದು. ಮೊದಲಿದ್ದ ಹಾಗೇ ಇರ್ಲಿ.”

“ಮತ್ತೆ ಇವನ ಕೈಗೇ ಕೊಡ್ತೀಯಾ?” ಎಂದ ಓಟಿಸ್.

“ಇವನ ಕೈಗೇ ಕೊಡ್ತೀನಿ. ಒಂದು ಸಲ ಮಾಡಿ ಆರು ತಿಂಗಳು ಒದ್ದಾಡಿದೋನು ಇನ್ನೊಂದು ಸಲ ಮಾಡಲ್ಲ. ನಿನ್ನನ್ನ ನಂಬೋದೇ ಕಷ್ಟ ಓಟಿಸ್, ನೀನಿನ್ನೂ ಮಾಡಿಲ್ಲ.”

ಕೋಣೆ ಬಿರಿಯುವಂತೆ ನಕ್ಕಿತು. ಓಟಿಸ್ ಮೇಜು ಗುದ್ದಿ ಗುದ್ದಿ ನಕ್ಕ. ಗಸ್ ನಗುತ್ತ ಅಭ್ಯಾಸಬಲದಿಂದ ಎದೆಗೆ ಅಂಗೈ ಒತ್ತಿಕೊಂಡ. ಎದ್ದಿದ್ದ ಕೈಗಳೆಲ್ಲ ಯಾವಾಗ ಇಳಿದವೋ, ರೋಂಡಾ ಫೋನನ್ನು ಚೀಲಕ್ಕೆ ಹಾಕಿಕೊಂಡಳು.

ಎಮಿಲ್‌ನ ಕೈ ಮಾತ್ರ ಇನ್ನೂ ಮೇಲೇ ಇತ್ತು. ಮುಖ ಕಿವಿಯವರೆಗೆ ಕೆಂಪಾಗಿ ಉರಿಯುತ್ತಿತ್ತು. ಈ ಹೆಸರು ಇನ್ನು ಸಾಯುವವರೆಗೆ ತನ್ನನ್ನು ಬಿಡುವುದಿಲ್ಲ, ತನ್ನ ಸಾವಿನ ದಿನವೂ ಇವರು ಇದನ್ನೇ ಹೇಳಿ ನಗುತ್ತಾರೆ ಎಂದು ಅವನಿಗೆ ಗೊತ್ತಾಯಿತು.

“ಇಳಿಸೋ ಮಾರಾಯ,” ಎಂದ ಗಸ್, ಪಕ್ಕದ ಕುರ್ಚಿಯನ್ನು ಕಾಲಿನಿಂದ ಹೊರಗೆ ತಳ್ಳುತ್ತ. “ಬಾಗಿಲಲ್ಲಿ ಏನು ಕೂತಿದೀಯ, ಇಲ್ಲಿ ಬಾ.”

ಎಮಿಲ್ ಕೈ ಇಳಿಸಿ, ಟೋಪಿಯನ್ನು ಕಣ್ಣಿನ ಮೇಲೆ ಎಳೆದುಕೊಂಡು, ಎದ್ದುಹೋಗಿ ಅಲ್ಲಿ ಕುಳಿತ.